ಸಾಮಾನು ನಮ್ಮದು, ಭಾರ ಯಾರದು?

ಬೆಂಗಳೂರಿನಿಂದ ದೆಹಲಿಗೆ ವರ್ಗವಾದ ಕುಟುಂಬ ಮೊದಲು ವಿಚಾರಿಸುವುದು ದರವನ್ನು. ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೆ ಒಪ್ಪಿಸಿದರೆ ಎಷ್ಟಾಗುತ್ತದೆ, ನಾವೇ ಲಾರಿ ಗೊತ್ತುಮಾಡಿಕೊಂಡರೆ ಎಷ್ಟು ಉಳಿಯುತ್ತದೆ, ದಾರಿಯಲ್ಲಿ ಟಿವಿ ಒಡೆದರೆ ವಿಮೆ ಸಿಗುತ್ತದೆಯೇ? ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇವುಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ. ನಮ್ಮದೆಂದು ಕೂಡಿಟ್ಟ ವಸ್ತುಗಳ ಭಾರವನ್ನು ಮತ್ತೊಬ್ಬ ಮನುಷ್ಯನ ಬೆನ್ನಿಗೆ ದಾಟಿಸುವುದು ಧರ್ಮವೇ? ಕೂಲಿ ಕೊಟ್ಟುಬಿಟ್ಟರೆ ಆ ಋಣ ಹರಿಯಿತೇ? ಹೊರುವವರನ್ನು ಗೊತ್ತುಮಾಡುವುದರಲ್ಲಿ ತಪ್ಪಿಲ್ಲ, ಬಹುಪಾಲು ಸಂದರ್ಭಗಳಲ್ಲಿ ಅದೇ ಸರಿ ಎಂಬುದು ನನ್ನ ಅಭಿಪ್ರಾಯ. ತಪ್ಪು ನಡೆಯುವುದು ಅದಕ್ಕೂ ಮುಂಚೆ, ಎಷ್ಟು ಹೊರಿಸಬಹುದು ಎಂದು ಯೋಚಿಸದೆ ಲಾರಿಯನ್ನು ಬಾಗಿಲಿಗೆ ಕರೆಸಿದಾಗ.

ವಸ್ತು ಮತ್ತು ಭಾರದ ಈ ಸಂಬಂಧವನ್ನು ಸೂಕ್ಷ್ಮವಾಗಿ ಯೋಚಿಸಿದವರು ಜೈನರು. ಬರಗಾಲದ ಹೊತ್ತಿನಲ್ಲಿ ಭದ್ರಬಾಹು ಮುನಿಗಳು ಸಂಘವನ್ನು ಕಟ್ಟಿಕೊಂಡು ಉತ್ತರದಿಂದ ಶ್ರವಣಬೆಳಗೊಳದವರೆಗೆ ನಡೆದು ಬಂದರೆಂದು ಜೈನ ಪರಂಪರೆ ಹೇಳುತ್ತದೆ. ಇಂದಿಗೂ ದಿಗಂಬರ ಮುನಿಗಳು ಊರಿಂದೂರಿಗೆ ಕಾಲ್ನಡಿಗೆಯಲ್ಲೇ ವಿಹಾರ ಮಾಡುತ್ತಾರೆ. ನವಿಲುಗರಿಯ ಪಿಂಛಿ, ಕಮಂಡಲು, ಓದಲು ಶಾಸ್ತ್ರ, ಇಷ್ಟೇ ಜೊತೆಗೆ. ಅಂಥವರಿಗೆ ಸಾಗಣೆಯ ಪ್ರಶ್ನೆಯೇ ಏಳುವುದಿಲ್ಲ. ಆದರೆ ಅದೇ ಧರ್ಮ ಗೃಹಸ್ಥನಿಂದ ಇದನ್ನು ಬಯಸಲಿಲ್ಲ. ಮನೆ, ಧಾನ್ಯ, ಪಾತ್ರೆ, ಬಟ್ಟೆ ಇಲ್ಲದೆ ಸಂಸಾರ ನಡೆಯದೆಂದು ಅದಕ್ಕೆ ಗೊತ್ತಿತ್ತು. ಹಾಗಾಗಿ ಶ್ರಾವಕನಿಗೆ ಅದು ವಿಧಿಸಿದ್ದು ತ್ಯಾಗವನ್ನಲ್ಲ, ಪರಿಮಾಣವನ್ನು: ಇಷ್ಟು ಸಾಕು ಎಂದು ತಾನೇ ಒಂದು ಗೆರೆ ಎಳೆದುಕೊಂಡು ಅದರೊಳಗೆ ಬದುಕುವ ವ್ರತ.

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನು ಓದುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವರು ಗೃಹಸ್ಥನ ಪ್ರತಿ ಅಣುವ್ರತಕ್ಕೂ ಐದೈದು ಅತಿಚಾರಗಳನ್ನು, ಅಂದರೆ ವ್ರತವನ್ನು ಪೂರ್ತಿ ಮುರಿಯದಿದ್ದರೂ ಅದಕ್ಕೆ ಕಳಂಕ ತರುವ ನಡತೆಗಳನ್ನು ಪಟ್ಟಿ ಮಾಡುತ್ತಾರೆ. ಅಹಿಂಸೆಯ ಪಟ್ಟಿಯಲ್ಲಿ ಅಂಗಗಳನ್ನು ಕತ್ತರಿಸುವುದು, ಕಟ್ಟಿಹಾಕುವುದು, ಪೀಡಿಸುವುದು, ಆಹಾರ ತಡೆಯುವುದು ಇವುಗಳ ಜೊತೆಗೇ ಅತಿಯಾದ ಭಾರ ಹೇರುವುದೂ ಸೇರಿದೆ. ಮುಂದೆ ಪರಿಗ್ರಹ ಪರಿಮಾಣದ, ಅಂದರೆ ಸ್ವತ್ತಿಗೆ ಮಿತಿ ಹಾಕಿಕೊಳ್ಳುವ ವ್ರತದ, ಪಟ್ಟಿಗೆ ಬಂದರೆ ಅತಿಸಂಗ್ರಹ, ಅತಿಲೋಭಗಳ ಪಕ್ಕದಲ್ಲಿ ಮತ್ತೆ ಅತಿಭಾರವೇ ಕಾಣಿಸುತ್ತದೆ. ಒಂದೇ ತಪ್ಪು ಎರಡು ವ್ರತಗಳ ಕೆಳಗೆ ಬಂದಿರುವುದನ್ನು ನಾನು ಪುನರುಕ್ತಿ ಎಂದು ಓದುವುದಿಲ್ಲ. ಹೊತ್ತವನ ಕಡೆಯಿಂದ ನೋಡಿದರೆ ಅದು ಹಿಂಸೆ, ಹೊರಿಸಿದವನ ಕಡೆಯಿಂದ ನೋಡಿದರೆ ಲೋಭ. ಮನೆಯೊಳಗೆ ಸದ್ದಿಲ್ಲದೆ ಬೆಳೆದ ಆಸೆ ಇನ್ನೊಂದು ಜೀವದ ಬೆನ್ನಿನ ಮೇಲೆ ನೋವಾಗಿ ಹೊರಬರುತ್ತದೆ. ಮನೆ ಖಾಲಿ ಮಾಡುವ ದಿನ ಈ ಎರಡೂ ವ್ರತಗಳು ಒಂದೇ ಮೆಟ್ಟಿಲ ಮೇಲೆ ಸೇರುತ್ತವೆ.

ಆ ಮೆಟ್ಟಿಲನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮುಂದೆ ಬಾಗಿಲಿರುವ ಬಗೆಯ ವಾಷಿಂಗ್ ಮಷೀನ್ ಅರುವತ್ತು, ಎಪ್ಪತ್ತು ಕಿಲೋ ತೂಗುತ್ತದೆ. ಬಟ್ಟೆ ಹಿಂಡುವಾಗ ಅದು ಕುಣಿಯದಿರಲೆಂದು ಒಳಗೆ ಕಾಂಕ್ರೀಟಿನ ದಿಮ್ಮಿಗಳನ್ನು ಕೂರಿಸಿರುತ್ತಾರೆ. ತಿರುವಿನಲ್ಲಿ ಇಬ್ಬರು ನಿಲ್ಲಲು ಜಾಗವಿಲ್ಲದಾಗ ಕೆಳಗಿನ ಮೆಟ್ಟಿಲಲ್ಲಿರುವವನೇ ಹೆಚ್ಚುಪಾಲು ತೂಕ ತಡೆಯಬೇಕು. ವಯಸ್ಕ ಪುರುಷ ಕಾರ್ಮಿಕನಿಗೆ ಹೊರಿಸುವ ತೂಕ 55 ಕಿಲೋ ಮೀರುತ್ತಿದ್ದರೆ ಅದನ್ನು ಇಳಿಸಲು ಕ್ರಮ ಕೈಗೊಳ್ಳಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಗಾಯವಾಗುವಷ್ಟು ಭಾರ ಎತ್ತಿಸಬಾರದೆಂದು ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯೂ ಹೇಳಿತ್ತು. ಆದರೆ ಅದು ಅನ್ವಯವಾದದ್ದು ಕಾರ್ಖಾನೆಗೆ, ನಮ್ಮ ಮನೆಯ ಮೆಟ್ಟಿಲಿಗಲ್ಲ. ಲಾರಿಗೆ ಮಿತಿಮೀರಿ ಹೇರಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ಇಪ್ಪತ್ತು ಸಾವಿರ ರೂಪಾಯಿ ದಂಡವಿದೆ. ಮೆಟ್ಟಿಲ ತಿರುವಿನಲ್ಲಿ ಹಮಾಲಿಯ ಬೆನ್ನಿನ ತೂಕ ನೋಡಲು ಯಾವ ಚೆಕ್‌ಪೋಸ್ಟೂ ಇಲ್ಲ. ಕಾನೂನು ಕಾಲಿಡದ ಇಂಥ ಜಾಗದಲ್ಲೇ ಧರ್ಮದ ಮಾತು ಬೇಕಾಗುವುದು.

ಇಲ್ಲೊಂದು ಆಕ್ಷೇಪ ಬರುತ್ತದೆ. ಶಾಸ್ತ್ರಕಾರರ ಕಣ್ಣೆದುರಿಗೆ ಇದ್ದದ್ದು ಮೂಕ ಎತ್ತು, ಕೋಣ. ಹಮಾಲಿ ಮಾತು ಬಲ್ಲ ಮನುಷ್ಯ, ದರಕ್ಕೆ ಒಪ್ಪಿ ಬಂದವನು, ಬೇಡವಾದರೆ ಬಿಡಬಹುದಿತ್ತು. ವ್ಯತ್ಯಾಸ ಇರುವುದು ನಿಜ, ಅದನ್ನು ಮರೆಯಬಾರದು. ಆದರೆ ಒಪ್ಪಿದವರು ಯಾರೆಂದು ನೋಡಬೇಕು. ಸಾಮಾನ್ಯವಾಗಿ ಇಡೀ ಕೆಲಸಕ್ಕೆ ಒಂದು ಗುತ್ತಿಗೆ ಮೊತ್ತ ನಿಗದಿಯಾಗುತ್ತದೆ, ಅದು ಕಂಪನಿಗೂ ಮನೆಯವರಿಗೂ ನಡುವಿನ ಮಾತು. ಸಾಮಾನಿನ ಪಟ್ಟಿ ಬರೆದುಕೊಂಡು ಹೋದವರು ಒಬ್ಬರು, ಬೆಳಿಗ್ಗೆ ಬಂದು ಹೊರುವವರು ಇನ್ನಾರೋ. ಕೊನೆಯ ಗಳಿಗೆಯಲ್ಲಿ ಅಟ್ಟದ ಮೇಲಿಂದ ಇಳಿದ ಹತ್ತು ರಟ್ಟಿನ ಪೆಟ್ಟಿಗೆಗಳು ಆ ಒಪ್ಪಂದದಲ್ಲಿರಲಿಲ್ಲ. ಹೆಚ್ಚಿಗೆ ದುಡ್ಡು ಕೊಟ್ಟರೂ ಅದು ಹೊತ್ತವನ ಕೈ ಸೇರುತ್ತದೆಂಬ ಖಾತರಿಯಿಲ್ಲ. ಮಾತು ಬಲ್ಲವನೂ ಅಂದಿನ ಕೂಲಿ ತಪ್ಪೀತೆಂಬ ಭಯದಲ್ಲಿ ಮೂಕನಾಗಿಯೇ ಹೊರುತ್ತಾನೆ. ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಹಮಾಲರಿಗೆಂದು, ಕೇರಳ 1978ರಲ್ಲಿ ತಲೆಹೊರೆ ಕಾರ್ಮಿಕರಿಗೆಂದು ಪ್ರತ್ಯೇಕ ಕಾಯ್ದೆ ತರಬೇಕಾಯಿತು. ಬರೀ ಒಪ್ಪಿಗೆಯೇ ರಕ್ಷಣೆಯಾಗಿದ್ದರೆ ಅವುಗಳ ಅಗತ್ಯವೇ ಬೀಳುತ್ತಿರಲಿಲ್ಲ.

ಹಾಗಾದರೆ ಯಾರನ್ನೂ ಕರೆಯದೆ ನಮ್ಮ ಸಾಮಾನು ನಾವೇ ಹೊರುವುದು ಶುದ್ಧವಾದ ದಾರಿಯಲ್ಲವೇ? ಸ್ವಂತ ದುಡಿಮೆಯನ್ನು ಎತ್ತಿಹಿಡಿದ ಗಾಂಧೀಜಿಯ ನೆರಳು ಈ ಮಾತಿನ ಮೇಲಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೂ ಇಲ್ಲಿ ಅದು ಸಲ್ಲುವುದಿಲ್ಲ. ನಾವೇ ಎನ್ನುವಾಗ ಸಾಮಾನ್ಯವಾಗಿ ಭಾವಮೈದುನ, ಆಫೀಸಿನ ಗೆಳೆಯರು, ಪಕ್ಕದ ಮನೆಯ ಹುಡುಗ ಎಲ್ಲರೂ ಸೇರುತ್ತಾರೆ. ಪಟ್ಟಿ ಬಿಗಿದು, ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು ಬೀರು ಎತ್ತುವ ವಿದ್ಯೆ ಅವರಿಗೆ ಗೊತ್ತಿಲ್ಲ. ಸಂಕೋಚಕ್ಕೆ ಬಂದವರ ಮೇಲೆ ಕೂಲಿಯನ್ನೂ ಕೊಡದೆ ಅತಿಭಾರ ಹೇರಿದಂತಾಯಿತು. ಹೊರುವುದು ಒಂದು ಕಸುಬು, ಕಲಿತವರ ಕೆಲಸ. ಅದನ್ನು ಹೀನವೆಂದು ಕಂಡು ಬೇರೆಯವರಿಂದ ಮಾಡಿಸಬಾರದು ಎನ್ನುವುದೂ ಒಂದು ಬಗೆಯ ತಿರಸ್ಕಾರವೇ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಮಡದಿಯೊಡನೆ ಕಲ್ಯಾಣಕ್ಕೆ ಬಂದ ಶರಣ, ಕಟ್ಟಿಗೆಯ ಹೊರೆ ಹೊತ್ತು ಮಾರುವುದನ್ನೇ ಕಾಯಕ ಮಾಡಿಕೊಂಡು ಮೋಳಿಗೆಯ ಮಾರಯ್ಯನಾದನೆಂದು ಶರಣ ಪರಂಪರೆ ನೆನೆಯುತ್ತದೆ. ಅಷ್ಟು ದೂರ ಬಂದವನು ತನ್ನೊಡನೆ ಭಂಡಾರ ತರಲಿಲ್ಲ, ಬಂದಮೇಲೆ ಹೊರೆ ಹೊರಲು ನಾಚಲಿಲ್ಲ. ಹೊರುವ ಕೆಲಸಕ್ಕೆ ಇಷ್ಟು ಗೌರವ ಕೊಟ್ಟ ನಾಡಿನಲ್ಲಿ ಹಮಾಲಿಯನ್ನು ಕರೆಯಲು ಹಿಂಜರಿಕೆ ಬೇಕಿಲ್ಲ. ಬಂದವನನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರ ಬಗ್ಗೆ ಎಚ್ಚರ ಬೇಕು. ಅಹಿಂಸೆಯ ಪಟ್ಟಿಯಲ್ಲಿ ಆಹಾರ ತಡೆಯುವುದೂ ಇದೆಯೆಂದು ಹೇಳಿದೆನಲ್ಲ. ಮಧ್ಯಾಹ್ನದವರೆಗೆ ಒಂದು ಲೋಟ ನೀರು ಕೇಳದೆ ದುಡಿಸಿ, ಶೌಚಾಲಯ ಬಳಸಲು ಬಿಡದೆ, ನಿವಾಸಿಗಳ ಲಿಫ್ಟ್ ಹತ್ತಬೇಡವೆಂದು ಗದರಿಸಿ ಕಳಿಸುವ ಮನೆಗಳು ಆ ಪಟ್ಟಿಯನ್ನು ಒಮ್ಮೆ ಓದಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸಾಮಾನು ಕಡಿಮೆ ಮಾಡಿಕೊಳ್ಳಿ ಎಂದರೆ ಜನ ಇಲ್ಲಿ ಸೋಫಾ ಮಾರಿ ಅಲ್ಲಿ ಹೊಸದು ಕೊಳ್ಳುತ್ತಾರೆ. ಅಂಗಡಿಯಿಂದ ಮಹಡಿಗೆ ಅದನ್ನೂ ಒಬ್ಬ ಹೊರಲೇಬೇಕು, ಹಳೆಯದು ಕಸವಾದರೆ ಇನ್ನೊಂದು ಪಾಪ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ವಸ್ತುವಿನ ಮೇಲಿನ ಮೋಹವೇ ಪರಿಗ್ರಹವೆಂದು ಜೈನರ ತತ್ತ್ವಾರ್ಥಸೂತ್ರ ಹೇಳುವುದು ಇದೇ ಕಾರಣಕ್ಕೆ. ಮಾರಿ ಮತ್ತೆ ಕೊಂಡಾಗ ವಸ್ತು ಬದಲಾಯಿತು, ಗೆರೆ ಎಳೆದಂತಾಗಲಿಲ್ಲ. ಇಪ್ಪತ್ತು ವರ್ಷದ ಬೀರುವನ್ನು ದೆಹಲಿಗೂ ಒಯ್ದು ಇನ್ನಿಪ್ಪತ್ತು ವರ್ಷ ಬಳಸುವವರು ವ್ರತಕ್ಕೆ ಹೆಚ್ಚು ಹತ್ತಿರದವರು. ಅದನ್ನು ಇಳಿಸಲು ಇಬ್ಬರ ಬದಲು ನಾಲ್ವರು ಬೇಕೆಂದು ಮೊದಲೇ ಹೇಳಿದರೆ ಸಾಕು. ಕೂಡಿಡುವವರ ಕೈಯಲ್ಲಿ ಗೆರೆ ಹೇಗೆ ಜಾರುತ್ತದೆಂದು ಶರಣೆ ಆಯ್ದಕ್ಕಿ ಲಕ್ಕಮ್ಮನಿಗೆ ಗೊತ್ತಿತ್ತು. ಗಂಡ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳಂತೆ. ಮನೆಗೆ ಬರುವ ಹೊತ್ತಿಗೇ ತಡೆಯಬೇಕು ಎಂಬುದು ಅವಳ ರೀತಿ. ಲಾರಿ ಬಂದು ನಿಂತಮೇಲೆ ಕಡಿಮೆ ಮಾಡುವುದು ತೀರ ತಡ.

ಹಳೆಯ ಶಾಸ್ತ್ರವನ್ನು ಇಷ್ಟು ನೆಚ್ಚುವಾಗ ಅದರ ಒಂದು ಕೊರತೆಯನ್ನೂ ಹೇಳಬೇಕು. ಪರಿಮಾಣ ಹಾಕಿಕೊಳ್ಳಬೇಕಾದ ಆಸ್ತಿಯನ್ನು ತತ್ತ್ವಾರ್ಥಸೂತ್ರ ಎಣಿಸುವಾಗ ಹೊಲ, ಮನೆ, ಚಿನ್ನ, ಧಾನ್ಯಗಳ ಸಾಲಿನಲ್ಲೇ ದಾಸಿದಾಸರನ್ನೂ ಎಣಿಸುತ್ತದೆ. ಅಂದು ಹೊರುವವನೂ ಸ್ವತ್ತಿನ ಪಟ್ಟಿಯೊಳಗೇ ಇದ್ದ. ಇಂದು ಆ ಪಟ್ಟಿಯಿಂದ ಹೊರಗೆ ಬಂದಿದ್ದಾನೆ, ಅದು ದೊಡ್ಡ ಮಾತು. ಆದರೆ ಸಾಗಣೆಯ ಕಾಗದದಲ್ಲಿ ಫ್ರಿಜ್ಜಿಗೆ ಬೆಲೆ ಬರೆಯುತ್ತಾರೆ, ಗಾಜಿನ ಶೋಕೇಸಿಗೆ ವಿಮೆ ಕಟ್ಟುತ್ತಾರೆ. ಬರುವವರು ಎಷ್ಟು ಜನ, ಕೈಗಾಡಿ ಇದೆಯೇ, ಬಿದ್ದು ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದು ಎಂದು ಕೇಳುವವರು ಕಡಿಮೆ. ದರ ಮಾತಾಡುವ ದಿನವೇ ಇವನ್ನು ಕೇಳಬಹುದು. ಮಹಡಿ ಎಷ್ಟನೆಯದು, ಅಟ್ಟದ ಮೇಲೆ ಏನಿದೆ, ಪುಸ್ತಕದ ಪೆಟ್ಟಿಗೆಗಳೆಷ್ಟು ಎಂದು ಮುಚ್ಚಿಡದೆ ಹೇಳಬಹುದು. ಅದರಿಂದ ದರ ಏರಿದರೆ ಆ ಹೆಚ್ಚಿನ ಮೊತ್ತವೇ ನಮ್ಮ ಪರಿಗ್ರಹದ ನಿಜವಾದ ಅಳತೆ. ಅದನ್ನು ಕೊಡಲು ಮನಸ್ಸು ಒಪ್ಪದಿದ್ದರೆ ಕಡಿಮೆ ಮಾಡಬೇಕಾದದ್ದು ಸಾಮಾನನ್ನು, ಹೊರುವವರ ಸಂಖ್ಯೆಯನ್ನಲ್ಲ.