ಇಂದಿನ ಪಾಲು

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಹೊಕ್ಕು ತಲೆಯೆತ್ತಿ ನೋಡದವರು ವಿರಳ. ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಅದರ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಫ್ರೆಸ್ಕೋ ಎಂಬ ಆ ಭಿತ್ತಿಚಿತ್ರ ಕಲೆಗೆ ಒಂದು ಕಠಿಣ ನಿಯಮವಿದೆ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಆಗಲೇ ಅದು ಗೋಡೆಯೊಡನೆ ಒಂದಾಗುತ್ತದೆ. ಆದುದರಿಂದ ಕಲಾವಿದನು ಒಂದು ದಿನದಲ್ಲಿ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಗಾರೆ ಮೆತ್ತುತ್ತಾನೆ. ಬಣ್ಣ ಕಾಣದೆ ಉಳಿದುದನ್ನು ಸಂಜೆ ಕೆತ್ತಿ ತೆಗೆಯುತ್ತಾನೆ. ಮರುದಿನ ಹೊಸ ಗಾರೆ.

ನಾವಾದರೋ ಇಡೀ ಗೋಡೆಗೆ ಒಮ್ಮೆಲೇ ಗಾರೆ ಮೆತ್ತಿ ಕಂಗೆಡುತ್ತೇವೆ. ಮನೆಯ ಸಾಲ, ಗಲ್ಫಿನಲ್ಲಿರುವ ಮಗನ ಕೆಲಸ, ಮುನಿದು ದೂರವಾದ ತಮ್ಮ, ಎಲ್ಲವೂ ರಾತ್ರಿ ಒಟ್ಟಿಗೆ ದಿಂಬಿನ ಬಳಿ ಬಂದು ಕೂರುತ್ತವೆ. ಆ ಹೊತ್ತಿನಲ್ಲಿ ಸಾಲದ ಒಂದು ರೂಪಾಯಿಯೂ ತೀರದು. ನಿದ್ದೆ ಮಾತ್ರ ಕೆಡುತ್ತದೆ.

ಹಾಗಾದರೆ ಚಿಂತೆಯನ್ನು ಕೆಳಗಿಡುವುದು ಹೊಣೆಗೇಡಿತನವೇ? ಅಲ್ಲ. ಹಗಲಿನ ಪಾಲನ್ನು ಮಾಡದೆ ಬಿಡುವವನು ಸೋಮಾರಿ. ಅದನ್ನು ಮಾಡಿ ಉಳಿದುದನ್ನು ಬಿಡುವವನು ವಿವೇಕಿ. ಬ್ಯಾಂಕಿಗೆ ಹೋಗಿ ಮಾತನಾಡುವುದು, ತಮ್ಮನಿಗೆ ತಾನಾಗಿಯೇ ಫೋನ್ ಮಾಡುವುದು ಇಂದಿನ ಪಾಲು. ಅವನು ಏನೆಂದು ಉತ್ತರಿಸುವನು ಎಂಬುದು ನಮ್ಮ ಕುಂಚಕ್ಕೆ ಸೇರಿದ್ದಲ್ಲ.

ಮಲಗುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಇಂದು ಮಾಡಬಹುದಾಗಿದ್ದುದನ್ನು ಮಾಡಿದೆನೇ? ಹೌದಾದರೆ, ಉಳಿದುದನ್ನು ದೇವರ ಕೈಗೆ ಒಪ್ಪಿಸಿ ಕಣ್ಮುಚ್ಚೋಣ. ನಾಳೆಯ ಗಾರೆಯನ್ನು ನಾಳೆ ಕಲಸಿದರೆ ಸಾಕು.