ಕೇಳುವವನ ಋಣ

ನೆರೆಮನೆಯವನಿಗೆ ಸುಳ್ಳು ಹೇಳಲು ಹಿಂಜರಿಯುವ ಮನುಷ್ಯನು ಸರಕಾರದ ನಮೂನೆಯಲ್ಲಿ ಸುಳ್ಳು ಬರೆಯಲು ಅಷ್ಟಾಗಿ ಹಿಂಜರಿಯುವುದಿಲ್ಲ. ಇದು ನಮ್ಮೆಲ್ಲರ ಅನುಭವಕ್ಕೆ ಬಂದಿರುವ ಸಂಗತಿ. ಹರಿಶ್ಚಂದ್ರನ ಕಥೆ ಕೇಳಿ ಕಣ್ಣೊರಸಿಕೊಳ್ಳುವ ಸದ್ಗೃಹಸ್ಥರೇ ಕಚೇರಿಯ ಕಿಟಕಿಯ ಮುಂದೆ ನಿಂತಾಗ, "ಏನಾದರೊಂದು ಬರೆದುಬಿಡಿ, ಕಾಲಂ ಮಾತ್ರ ಖಾಲಿ ಬಿಡಬೇಡಿ" ಎಂದು ಪಕ್ಕದವನಿಗೆ ಬುದ್ಧಿವಾದ ಹೇಳುವುದುಂಟು. ಅವರನ್ನು ಕಪಟಿಗಳೆಂದು ಕರೆದರೆ ತಪ್ಪಾದೀತು. ಸುಳ್ಳೆಂಬುದು ಒಬ್ಬನು ಇನ್ನೊಬ್ಬನಿಗೆ ಹೇಳುವಂಥದು. ನಮೂನೆಗಾದರೋ ಮುಖವಿಲ್ಲ, ಕಿವಿಯಿಲ್ಲ. ಅದರಲ್ಲಿ ಬರೆದುದನ್ನು ಓದುವವರಿದ್ದಾರೆ ಎಂಬ ನಂಬಿಕೆಯೇ ಇಲ್ಲದಾಗ, ಬರೆದದ್ದು ಸತ್ಯವೋ ಸುಳ್ಳೋ ಎಂಬ ಪ್ರಶ್ನೆ ಮನಸ್ಸಿಗೆ ಹೊಳೆಯುವುದಿಲ್ಲ. ಹಾಗಾದರೆ ಆ ಸುಳ್ಳಿನ ಪಾಪ ಯಾರದು? ಬರೆದವನದೆ, ಓದುವ ಮನಸ್ಸಿಲ್ಲದೆ ಕೇಳಿದವನದೆ?

ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ನೆಲದ ಮೇಲೆ ನಿಲ್ಲಿಸಿ ನೋಡುವುದು ಮೇಲು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಒಕ್ಕಲಿಗನ ಬದುಕೆಲ್ಲ ಒಂದು ಕಾಗದದ ಮೇಲೆ ನಿಂತಿದೆ, ಅದೇ ಪಹಣಿ. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದ ಈ ಸೀಮೆಯಲ್ಲಿ ಕಚೇರಿಯ ಮಾತು ಇಂದಿಗೂ ಅರ್ಧ ಫಾರಸಿ, ಅರ್ಧ ಮರಾಠಿ. ದಫ್ತರ, ಜಮಾಬಂದಿ, ಮುಚ್ಚಳಿಕೆ, ಷರಾ. ಕೊನೆಗೆ ನಾವು ದಿನಕ್ಕೆ ನೂರು ಸಲ ಬಳಸುವ 'ಮಾಹಿತಿ' ಕೂಡ ಮರಾಠಿಯ ಕಡೆಯಿಂದಲೇ ಬಂದದ್ದು. ಕನ್ನಡದ ಮೇಷ್ಟರಿಗೆ ಇಂಥ ಕಡೆ ನಿಂತು ಶಬ್ದದ ಬೇರು ಕೀಳುವ ಚಟವಿರುತ್ತದೆ, ಓದುಗರು ಕ್ಷಮಿಸಬೇಕು. ಆದರೆ ಈ ಸಲ ಬೇರಿನಲ್ಲೇ ವಿಷಯವಿದೆ. ಪಹಣಿ ಎಂದರೆ ಮರಾಠಿಯಲ್ಲಿ ನೋಡುವುದು, ಕಣ್ಣಾರೆ ಪರಿಶೀಲಿಸುವುದು ಎಂದರ್ಥ. ಅಂದರೆ ಆ ಕಾಗದದ ಹೆಸರೇ ಒಂದು ಪ್ರಮಾಣವಚನ. ಹೊಲಕ್ಕೆ ಹೋಗಿದ್ದೇನೆ, ಕಂಡಿದ್ದೇನೆ, ಕಂಡದ್ದನ್ನು ಬರೆದಿದ್ದೇನೆ ಎಂದು ಸರಕಾರ ತನ್ನ ಬಾಯಿಂದ ಆಡಿಕೊಂಡ ಮಾತು ಅದು.

ಆ ಮಾತು ಎಷ್ಟರಮಟ್ಟಿಗೆ ನಡೆಯಿತೆಂಬುದನ್ನು ಹಳ್ಳಿಯವರು ಬಲ್ಲರು. ಹೊಲಕ್ಕೆ ಹೋಗದೆ, ಚಾವಡಿಯಲ್ಲಿ ಕುಳಿತು, ಹೋದ ವರ್ಷದ ಬೆಳೆಯನ್ನೇ ಈ ವರ್ಷಕ್ಕೂ ಬರೆದು ಮುಗಿಸುವ ಪದ್ಧತಿ ನಾಡಿನ ಎಲ್ಲ ಕಡೆಯೂ ಇತ್ತು. ಕಂದಾಯಕ್ಕೆ ಮಾತ್ರ ಆ ಕಾಲಂ ಬೇಕಾಗಿದ್ದ ಕಾಲದಲ್ಲಿ ಅದರಿಂದ ಯಾರಿಗೂ ಹೆಚ್ಚಿನ ಕೇಡಾಗಲಿಲ್ಲ. ಈಗಿನ ಸ್ಥಿತಿ ಬೇರೆ. ಬೆಳೆಸಾಲಕ್ಕೆ ಅದು ಬೇಕು. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯ ವಿಮೆಗೆ ಬೇಕು. ಬೆಂಬಲ ಬೆಲೆಗೆ ತೊಗರಿ ಮಾರಬೇಕಾದರೂ ಬೇಕು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಗೌರವ ದೊರೆಯಿತು. ಆದರೆ ಆ ತೊಗರಿ ಬೆಳೆದವನು ತಾನು ಬೆಳೆದದ್ದು ತೊಗರಿಯೇ ಎಂದು ಸಾಬೀತುಮಾಡಲು ಕಚೇರಿಯಿಂದ ಕಚೇರಿಗೆ ಅಲೆಯುವ ಪ್ರಸಂಗಗಳು ತಪ್ಪಿಲ್ಲ. ನಮ್ಮ ಕಾಲೇಜಿನಲ್ಲಿ ಓದುವ ಹುಡುಗನೊಬ್ಬನ ತಂದೆ, ಜೇವರ್ಗಿಯ ಕಡೆಯವರು, ಒಮ್ಮೆ ನನ್ನೆದುರು ಕಾಗದ ಹರವಿ, "ಹೊಲದಾಗ ತೊಗರಿ ಅದ, ಕಾಗದದಾಗ ಜ್ವಾಳ ಅದ. ನಾ ಯಾವುದು ಕೊಯ್ಲಿ ಹೇಳ್ರಿ ಸರ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೇ ಇತ್ತು. ಅವರ ಪ್ರಶ್ನೆಯಲ್ಲಿ ತತ್ತ್ವಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆಯೆಂದು ನನಗೆ ತೋರಿತು. ಕಂಡದ್ದಕ್ಕೂ ಬರೆದದ್ದಕ್ಕೂ ವಿರೋಧ ಬಂದಾಗ ಬರೆದದ್ದೇ ಗೆಲ್ಲುವುದಾದರೆ, ಕಣ್ಣೆಂಬ ಪ್ರಮಾಣಕ್ಕೆ ಬೆಲೆಯೇನು?

ಹಾಗೆಂದು ಕಾಗದವೇ ಬೇಡವೆನ್ನುವುದು ಸುಲಭದ ಮಾತು, ಆದರೆ ಹೊಣೆಗೇಡಿತನದ ಮಾತು. ದಾಖಲೆಯಿಲ್ಲದ ಬಡವನನ್ನು ದಾಖಲೆಯುಳ್ಳ ಬಲವಂತನು ಒಂದೇ ರಾತ್ರಿಯಲ್ಲಿ ಹೊಲದಿಂದ ಹೊರಗೆ ಹಾಕಿದ ಕಥೆಗಳು ಈ ಸೀಮೆಗೆ ಹೊಸವಲ್ಲ. ಪಹಣಿಯು ಗ್ರಾಮಲೆಕ್ಕಿಗನ ಪೆಟ್ಟಿಗೆಯಲ್ಲಿದ್ದಷ್ಟು ಕಾಲ ಅದರ ನಕಲು ಪಡೆಯಲು ರೈತನು ಅವನ ಮನೆಬಾಗಿಲು ಕಾಯಬೇಕಾಗಿತ್ತು. 'ಭೂಮಿ' ಯೋಜನೆಯು ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲೂಕು ಕೇಂದ್ರದಲ್ಲಿ ಗೊತ್ತಾದ ಶುಲ್ಕಕ್ಕೆ ಕೊಡುವಂತೆ ಮಾಡಿದ್ದು ಸಣ್ಣ ಉಪಕಾರವಲ್ಲ. ಮುಂದೆ ಬೆಳೆ ಸಮೀಕ್ಷೆಯೂ ಮೊಬೈಲಿಗೆ ಬಂದಿತು. ಹೊಲದಲ್ಲಿ ನಿಂತು ಚಿತ್ರ ತೆಗೆದರಷ್ಟೇ ದಾಖಲಾಗುತ್ತದೆ. 2020ರಿಂದ ರೈತನೇ ತನ್ನ ಬೆಳೆಯನ್ನು ತಾನೇ ದಾಖಲಿಸಲೂ ಅವಕಾಶವಾಯಿತು. ಪಹಣಿಯೆಂಬ ಹೆಸರಿಗೆ ಇಷ್ಟು ವರ್ಷಗಳ ಮೇಲೆ ಅದರ ಅರ್ಥವನ್ನು ಮರಳಿ ಕೊಡುವ ಪ್ರಯತ್ನವಿದು. ಫೋನು ಬಾರದ ಮುದುಕನು ಮತ್ತೆ ಯಾರದೋ ಮನೆಯ ಹುಡುಗನನ್ನು ಓಲೈಸಬೇಕಾಗುತ್ತದೆ ಎಂಬುದು ನಿಜವಾದರೂ, ಪ್ರಯತ್ನವನ್ನು ಹಳಿಯಲಾರೆ.

ಇನ್ನು ಸಮುದ್ರದ ಮಾತಿಗೆ ಬರೋಣ. ಭೀಮೆಯ ದಂಡೆಯಿಂದ ಸಮುದ್ರಕ್ಕೇಕೆ ಹಾರಬೇಕೆಂದು ಕೇಳಬಹುದು. ನಮ್ಮ ಪ್ರಶ್ನೆಯ ಇನ್ನೊಂದು ಮಗ್ಗುಲು ಅಲ್ಲಿ ಕಾಣುತ್ತದೆ. ನಡುಗಡಲಿನಲ್ಲಿ ಎಣ್ಣೆ ಬಾವಿ ತೋಡುವ ಕಂಪೆನಿಗಳಿಂದ ಸರಕಾರಗಳು ರಾಶಿರಾಶಿ ಮಾಹಿತಿ ಕೇಳುತ್ತವೆ: ಬಾವಿಯ ನಕ್ಷೆ, ಒತ್ತಡದ ಲೆಕ್ಕ, ಕವಾಟಗಳ ಪರೀಕ್ಷೆ, ಎಣ್ಣೆ ಚೆಲ್ಲಿದರೆ ಏನು ಮಾಡುವಿರಿ ಎಂಬ ಯೋಜನೆ. ಮೆಕ್ಸಿಕೋ ಕೊಲ್ಲಿಯಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಕಂಪೆನಿಯೂ ಇಂಥ ಯೋಜನೆಯೊಂದನ್ನು ಸಲ್ಲಿಸಿ, ಅಮೆರಿಕ ಸರಕಾರದ ಒಪ್ಪಿಗೆಯನ್ನೂ ಪಡೆದಿತ್ತು. 2010ರ ಏಪ್ರಿಲ್ 20ರಂದು 'ಡೀಪ್‌ವಾಟರ್ ಹೊರೈಜನ್' ಕಟ್ಟೆ ಸಿಡಿದು 11 ಜನ ಸತ್ತರು. ಎಣ್ಣೆ 87 ದಿನ ಹರಿಯಿತು. ಆಗ ಜನ ಆ ಯೋಜನೆಯನ್ನು ತೆರೆದು ಓದಿದರು. ರಕ್ಷಿಸಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ವಾಲ್ರಸ್ ಇತ್ತು! ವಾಲ್ರಸ್ ಎಂದರೆ ಉತ್ತರ ಧ್ರುವದ ಹಿಮದ ಮೇಲೆ ಬದುಕುವ ದಂತದ ಪ್ರಾಣಿ; ಮೆಕ್ಸಿಕೋದ ಬೆಚ್ಚಗಿನ ಕೊಲ್ಲಿಯಲ್ಲಿ ಅದನ್ನು ಕಂಡವರಿಲ್ಲ. ಸಲಹೆ ಕೇಳಬೇಕಾದ ತಜ್ಞರೆಂದು ಹೆಸರಿಸಿದ್ದ ಪ್ರಾಧ್ಯಾಪಕರೊಬ್ಬರು 2005ರಲ್ಲೇ ತೀರಿಕೊಂಡಿದ್ದರು. ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ವಿಚಾರಣೆ ನಡೆದಾಗ, ಬೇರೆ ದೊಡ್ಡ ಕಂಪೆನಿಗಳ ಯೋಜನೆಗಳಲ್ಲೂ ಅದೇ ವಾಲ್ರಸ್ ಮಲಗಿದ್ದದ್ದು ಹೊರಬಿತ್ತು. ಒಬ್ಬನು ಬರೆದದ್ದನ್ನು ಎಲ್ಲರೂ ನಕಲು ಮಾಡಿದ್ದರು. ಒಪ್ಪಿಗೆ ಕೊಟ್ಟ ಕಚೇರಿ ಓದಿರಲಿಲ್ಲ.

ಜೇವರ್ಗಿಯ ಪಹಣಿಯ ಜೋಳಕ್ಕೂ ಮೆಕ್ಸಿಕೋದ ವಾಲ್ರಸ್ಸಿಗೂ ಹತ್ತಿರದ ನಂಟಿದೆ. ಎರಡೂ ಯಾರೂ ನೋಡದೆ ಬರೆದವು, ಯಾರೂ ಓದದೆ ಉಳಿದವು. ಆದರೆ ನಂಟಿದ್ದ ಮಾತ್ರಕ್ಕೆ ಎರಡೂ ಒಂದೇ ತೂಕದ ತಪ್ಪುಗಳಲ್ಲ. ಹೊಲವು ಬಯಲಲ್ಲಿದೆ. ಸರಕಾರದ ಮನುಷ್ಯ ಬಸ್ಸಿಳಿದು ಎರಡು ಮೈಲಿ ನಡೆದರೆ ತೊಗರಿಯನ್ನು ತಾನೇ ಕಾಣಬಲ್ಲ. ಸಮುದ್ರದ ಮೇಲಣ ಮಟ್ಟದಿಂದ ಸುಮಾರು 1,500 ಮೀಟರು ಆಳದ ನೆಲದಲ್ಲಿ ಕೊರೆದ ಬಾವಿಯೊಳಗೆ ಏನು ನಡೆದಿದೆ ಎಂಬುದಾದರೋ ಅದನ್ನು ಕೊರೆದವನಿಗಲ್ಲದೆ ಬೇರೆ ಯಾರಿಗೂ ತಿಳಿಯದು. ಅಲ್ಲಿ ಅವನು ಕೊಡುವ ಮಾಹಿತಿಯೇ ಲೋಕದ ಕಣ್ಣು. ಅವನು ಸುಳ್ಳು ಬರೆದರೆ ಎಲ್ಲರ ಕಣ್ಣನ್ನೂ ಕಟ್ಟಿದಂತೆ. ಆದುದರಿಂದ ತಾನೊಬ್ಬನೇ ಕಾಣಬಲ್ಲದ್ದರ ಬಗ್ಗೆ ಉತ್ತರಿಸುವವನ ಹೊಣೆ ದೊಡ್ಡದು. ಅವನನ್ನು ಎಷ್ಟು ಕೇಳಿದರೂ ಕಡಿಮೆಯೇ. ಎಲ್ಲರೂ ಕಾಣಬಹುದಾದದ್ದನ್ನು ಬಡವನ ಬಾಯಿಂದಲೇ ಹತ್ತು ಸಲ ಹೇಳಿಸುವುದು ಮಾತ್ರ ಆಲಸ್ಯಕ್ಕೆ ಕಾನೂನಿನ ಅಂಗಿ ತೊಡಿಸಿದಂತೆ. ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ವಿಪರೀತ. ಬಲವಂತನು ಬರೆದುಕೊಟ್ಟದ್ದನ್ನು ನಂಬುತ್ತೇವೆ. ಬಡವನ ಮಾತಿಗೆ ಮೂರು ನಕಲು ಕೇಳುತ್ತೇವೆ.

ಸತ್ಯವನ್ನೇ ಬರೆದರೂ ಸಾಲದು, ಅದು ತಲುಪಬೇಕಾದವನನ್ನು ತಲುಪಬೇಕು. ಸ್ಕಾಟ್ಲೆಂಡಿನ ಆಚೆಯ ಕಡಲಿನಲ್ಲಿ 'ಪೈಪರ್ ಆಲ್ಫಾ' ಎಂಬ ಕಟ್ಟೆಯಿತ್ತು. 1988ರ ಜುಲೈ 6ರಂದು ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷಾ ಕವಾಟವನ್ನು ದುರಸ್ತಿಗೆಂದು ಬಿಚ್ಚಿದ್ದರು. ಅದಕ್ಕೆ ಬೇಕಾದ ಚೀಟಿಯೂ ಇತ್ತು. ರಾತ್ರಿ ಪಾಳಿಯವರಿಗೆ ಅದು ತಿಳಿಯಲಿಲ್ಲ. ಇನ್ನೊಂದು ಪಂಪು ಕೆಟ್ಟಾಗ ಅವರು ಇದನ್ನೇ ಚಾಲೂ ಮಾಡಿದರು. 167 ಮಂದಿ ಸತ್ತರು. ಕೈಸೇರದ ಒಂದು ಚೀಟಿ! ಲಾರ್ಡ್ ಕಲ್ಲೆನ್ ಎಂಬ ನ್ಯಾಯಾಧೀಶರ 1990ರ ವರದಿಯ ತರುವಾಯ ಅಲ್ಲಿಯ ಕಾನೂನೇ ಬದಲಾಯಿತು. ನಮ್ಮ ಬಾಂಬೆ ಹೈನಲ್ಲೂ 2005ರ ಜುಲೈ 27ರಂದು ಹಡಗೊಂದು ಕೊಳವೆಗೆ ತಾಗಿ ಬೆಂಕಿ ಹತ್ತಿತು, 22 ಜನ ಹೋದರು. 2008ರಲ್ಲಿ ಕಡಲ ಸುರಕ್ಷತೆಯ ನಿಯಮಗಳು ಬಂದವು. ನಿಯಮಗಳು ಯಾವಾಗಲೂ ಹೆಣದ ಹಿಂದೆಯೇ ನಡೆದು ಬರುತ್ತವೆ.

ಕೇಳುವವನಿಗೂ ಋಣವುಂಟೆಂಬುದನ್ನು ಅಮೆರಿಕನರು ಒಂದು ಕಾಯಿದೆಯಲ್ಲಿ ಒಪ್ಪಿಕೊಂಡಿದ್ದಾರೆ. 1980ರಲ್ಲಿ ಮಾಡಿ, 1995ರಲ್ಲಿ ಹೊಸದಾಗಿ ಬರೆದ ಆ ಕಾಯಿದೆಯ ಹೆಸರನ್ನು ಕನ್ನಡದಲ್ಲಿ 'ಕಾಗದದ ಹೊರೆ ಇಳಿಸುವ ಕಾಯಿದೆ' ಎನ್ನಬಹುದು. ಅದರಂತೆ ಕೇಂದ್ರದ ಯಾವ ಇಲಾಖೆಯೂ ಜನರಿಂದ ಮಾಹಿತಿ ಕೇಳುವ ಮೊದಲು, ಇದು ಏಕೆ ಬೇಕು, ಇದನ್ನು ತುಂಬಲು ಎಷ್ಟು ಗಂಟೆ ಹಿಡಿಯುತ್ತದೆ ಎಂಬುದನ್ನು ಲೆಕ್ಕಹಾಕಿ ಪ್ರಕಟಿಸಬೇಕು. ಮೊದಲು 60 ದಿನ, ಅನಂತರ 30 ದಿನ ಜನರ ಅಭಿಪ್ರಾಯಕ್ಕೆ ಬಿಡಬೇಕು. ಒಪ್ಪಿಗೆಯ ಸಂಖ್ಯೆ ಪಡೆಯಬೇಕು. ಆ ಸಂಖ್ಯೆಯಿಲ್ಲದ ನಮೂನೆಗೆ ಉತ್ತರಿಸದವನನ್ನು ದಂಡಿಸುವಂತಿಲ್ಲ. ಎಣ್ಣೆ ಕಂಪೆನಿಗಳ ನಮೂನೆಗಳಿಗೂ ಇದು ಅನ್ವಯಿಸುತ್ತದೆ. ಕಂಪೆನಿಯ ಗಂಟೆಗಳನ್ನು ಅಷ್ಟು ನಾಜೂಕಾಗಿ ಎಣಿಸಿದ ಆ ದೇಶದಲ್ಲೇ ವಾಲ್ರಸ್ ಒಳನುಗ್ಗಿತೆಂಬುದನ್ನು ನೆನೆದರೆ ನಗು ಬರುತ್ತದೆ. ತುಂಬುವವನ ಗಂಟೆಯನ್ನು ಎಣಿಸಿದವರು ಓದುವವನ ಗಂಟೆಯನ್ನು ಎಣಿಸಲಿಲ್ಲ. ಅದೇನಿದ್ದರೂ ಪ್ರಜೆಯ ಹೊತ್ತಿಗೆ ಬೆಲೆಯುಂಟೆಂಬ ಮೂಲತತ್ತ್ವವನ್ನು ಅಲ್ಲಗಳೆಯಲಾಗದು. ಅಫಜಲಪುರದ ಹಳ್ಳಿಯೊಂದರಿಂದ ಕೂಲಿ ಬಿಟ್ಟು, ಬಸ್ಸು ಹಿಡಿದು, ಜೆರಾಕ್ಸ್ ಮಾಡಿಸಿ, ಸಾಲಿನಲ್ಲಿ ನಿಂತು, "ಸರ್ವರ್ ಇಲ್ಲ, ನಾಳಿಗೆ ಬರ್ರಿ" ಎಂಬ ಮಾತು ಕೇಳಿ ಹಿಂತಿರುಗುವ ಹೆಣ್ಣುಮಗಳ ದಿನವನ್ನು ನಮ್ಮ ಯಾವ ಆಯವ್ಯಯದಲ್ಲೂ ಬರೆಯುವುದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಪನೆಂಬ ಅಧಿಕಾರಿಯಿದ್ದಾನೆ. ಐದೋ ಹತ್ತೋ ಊರುಗಳ ಹೊಲ, ಮನೆ, ಜನ, ದನ ಎಲ್ಲವನ್ನೂ ಅವನು ಬರೆದಿಡಬೇಕು. ಅವನು ಬರೆದದ್ದು ನಿಜವೋ ಅಲ್ಲವೋ ಎಂದು ನೋಡಲು ಗೃಹಸ್ಥರ ವೇಷದ ಗೂಢಚಾರರನ್ನು ಕಳಿಸಬೇಕೆಂದೂ ಹೇಳಿದೆ. ಕೌಟಿಲ್ಯನ ದೃಷ್ಟಿ ಬೊಕ್ಕಸದ ಮೇಲಿತ್ತು, ನೀತಿಯ ಮೇಲಲ್ಲ. ಆದರೂ ಬರೆದದ್ದನ್ನು ಹೋಗಿ ನೋಡದೆ ನಂಬಬಾರದೆಂಬ ವಿವೇಕ ಅವನಿಗಿತ್ತು.

ಆ ವಿವೇಕ ಏನು ಮಾಡಬಲ್ಲದೆಂಬುದಕ್ಕೆ ಆಳಂದದಲ್ಲೇ ಸಾಕ್ಷಿಯುಂಟು. 2023ರ ವಿಧಾನಸಭೆಯ ಚುನಾವಣೆಗೆ ಮುಂಚೆ ಆ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆದುಹಾಕುವಂತೆ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಸಂಶಯ ಹುಟ್ಟಿ, ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ಸರಿಯಾಗಿದ್ದವು 24 ಮಾತ್ರ. ಉಳಿದ 5,994 ಅರ್ಜಿಗಳು ನಿಲ್ಲಲಿಲ್ಲ. ಯಾರು, ಏಕೆ ಎಂಬುದು ತನಿಖೆಯವರ ಕೆಲಸ. ಅದರ ರಾಜಕೀಯ ಈ ಲೇಖನಕ್ಕೆ ಬೇಕಿಲ್ಲ. ಗಮನಿಸಬೇಕಾದದ್ದು ಇಷ್ಟೆ. ನಮೂನೆಗಳೆಲ್ಲ ಬಂದಿದ್ದವು, ಅವುಗಳಲ್ಲಿ ಹೆಸರು, ಕಾರಣ ಎಲ್ಲವೂ ತುಂಬಿದ್ದವು. ಕಾಗದವನ್ನೇ ನಂಬಿದ್ದರೆ ಸಾವಿರಾರು ಜನ ತಮಗರಿಯದೆಯೇ ಇಲ್ಲವಾಗುತ್ತಿದ್ದರು. ಮನೆಬಾಗಿಲಿಗೆ ಹೋಗಿ, "ಇದು ನೀವು ಕೊಟ್ಟದ್ದೇನ್ರಿ?" ಎಂದು ಕೇಳಿದ್ದರಿಂದ ಅವರು ಉಳಿದರು. ಇದು ನಿಜವಾದ ಪಹಣಿ.

ಕೇಳುವವನು ತೀರಿಸಬೇಕಾದ ಇನ್ನೊಂದು ಋಣ ಮರುಮಾಹಿತಿಯದು. 2005ರ ಮಾಹಿತಿ ಹಕ್ಕಿನ ಕಾಯಿದೆಯ ನಾಲ್ಕನೆಯ ಕಲಮು, ಯಾರೂ ಅರ್ಜಿ ಹಾಕದೆಯೇ ಸರಕಾರ ತನ್ನಲ್ಲಿರುವುದನ್ನು ತಾನಾಗಿ ಜನರ ಮುಂದಿಡಬೇಕೆಂದು ಹೇಳುತ್ತದೆ. ನಾವು ಆ ಕಾಯಿದೆಯನ್ನು ಅರ್ಜಿಯ ಕಾಯಿದೆಯನ್ನಾಗಿ ಮಾತ್ರ ತಿಳಿದಿದ್ದೇವೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜ್ಜನಿ ಜಲಾಶಯದಿಂದ ಬಿಟ್ಟ ನೀರು ಭೀಮೆಯಲ್ಲಿ ಉಕ್ಕಿಬಂದು ಅಫಜಲಪುರ, ಜೇವರ್ಗಿಗಳ ದಂಡೆಯ ಊರುಗಳನ್ನು ಮುಳುಗಿಸಿತು. ಮುಳುಗಿದವರಿಂದ ಸರಕಾರ ಮತ್ತೆ ಮಾಹಿತಿ ಕೇಳಿತು. ಕೇಳಲೇಬೇಕು, ಪರಿಹಾರ ಕೊಡುವುದಕ್ಕೆ ಬೇರೆ ದಾರಿಯಿಲ್ಲ. ಆದರೆ ನೀರೇರುವ ಹೊತ್ತಿನಲ್ಲಿ ನದಿಯ ದಂಡೆಯವನಿಗೂ ಒಂದು ಪ್ರಶ್ನೆಯಿರುತ್ತದೆ. ಎಷ್ಟು ನೀರು ಬಿಟ್ಟಿದ್ದಾರೆ, ಯಾವ ಹೊತ್ತಿಗೆ ನಮ್ಮೂರು ಮುಟ್ಟುತ್ತದೆ, ದನಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗಲಿ? ಇದನ್ನು ಬರೆದು ಕೊಡುವುದಕ್ಕೆ ಅವನ ಕೈಯಲ್ಲಿ ಯಾವ ನಮೂನೆಯೂ ಇಲ್ಲ.