ನೊಂದವರ ವೋಟು

ಪ್ರಳಯವಾದ ಮೇಲೆ ಉಳಿದವರು ಯಾರು, ಉಳಿದು ಏನು ಮಾಡಿದರು ಎಂಬ ಕುತೂಹಲ ಹೊಸದಲ್ಲ. ನಮ್ಮ ಪುರಾಣದ ಮನು ದೋಣಿಯನ್ನು ಮೀನಿನ ಕೊಂಬಿಗೆ ಕಟ್ಟಿ, ಬೀಜಗಳನ್ನೂ ಸಪ್ತರ್ಷಿಗಳನ್ನೂ ಕೂಡಿಸಿಕೊಂಡು ಪಾರಾದ. ಆ ದೋಣಿಯಲ್ಲಿ ಕುಳಿತವರು ಲೋಕವನ್ನು ಕಂಡವರು, ತಪಸ್ಸಿನಿಂದ ಮಾಗಿದವರು. ಹೊಸ ಲೋಕಕ್ಕೆ ಧರ್ಮವನ್ನು ವಿಧಿಸುವ ಕೆಲಸ ಅವರಿಗೆ ಅಷ್ಟೇನೂ ಕಷ್ಟವಾಗಿರಲಾರದು. ಈಚಿನ ವರ್ಷಗಳಲ್ಲಿ ಅಮೆರಿಕದಲ್ಲಿ ಹದಿಹರೆಯದವರಿಗೆಂದೇ ಬರೆದ ಪ್ರಳಯೋತ್ತರದ ಕಾದಂಬರಿಗಳು ರಾಶಿರಾಶಿಯಾಗಿ ಬಂದಿವೆ. ಅವುಗಳ ದೋಣಿಯ ತುಂಬ ಮಕ್ಕಳು. ಋಷಿ ಒಬ್ಬನೂ ಇಲ್ಲ.

ಇಂಥ ಕಥೆಗಳ ಮೊದಲ ಸಂಪುಟಕ್ಕಿಂತ ಅದರ ಮುಂದಿನ ಸಂಪುಟಗಳಲ್ಲಿ ನನಗೆ ಆಸಕ್ತಿ ಹೆಚ್ಚು. ಮೊದಲನೆಯದರಲ್ಲಿ ಇರುವುದು ಒಂದೇ ಪ್ರಶ್ನೆ: ಬದುಕುವುದು ಹೇಗೆ? ಮಗುವೊಂದು ಬದುಕಿಯೇ ತೀರುತ್ತೇನೆಂದು ಹಟ ತೊಟ್ಟರೆ ಆಕ್ಷೇಪಣೆ ಮಾಡುವ ನೀತಿಶಾಸ್ತ್ರ ಯಾವುದಿದೆ? ಓದುಗನ ಮನಸ್ಸು ನಿರಾತಂಕವಾಗಿ ಆ ಮಗುವಿನ ಪಕ್ಷ ವಹಿಸುತ್ತದೆ. ಮುಂದಿನ ಸಂಪುಟಕ್ಕೆ ಬರುವ ಹೊತ್ತಿಗೆ ಮಗು ಬದುಕಿಯಾಗಿದೆ. ಬದುಕಿ ಮಾಡುವುದೇನು ಎಂಬುದು ಎದುರಿಗೆ ನಿಂತಿದೆ. ಮಾರಾಟದ ಒತ್ತಾಯಕ್ಕೆ ಹುಟ್ಟಿದ ಎಷ್ಟೋ ಉತ್ತರಭಾಗಗಳು ಈ ಪ್ರಶ್ನೆಯಿಂದ ನುಣುಚಿಕೊಂಡು, ಇನ್ನೊಂದು ಓಟ, ಇನ್ನೊಂದು ಸ್ಫೋಟ ಎಂದು ಪುಟ ತುಂಬಿಸುತ್ತವೆ. ನುಣುಚಿಕೊಳ್ಳದ ಪುಸ್ತಕ ಒಂದುಂಟು. ಅದು ಸುಜಾನ್ ಕಾಲಿನ್ಸ್ ಎಂಬ ಲೇಖಕಿ 2010ರಲ್ಲಿ ಪ್ರಕಟಿಸಿದ ‘ಮಾಕಿಂಗ್‌ಜೇ’. ‘ದಿ ಹಂಗರ್ ಗೇಮ್ಸ್’ (2008), ‘ಕ್ಯಾಚಿಂಗ್ ಫೈರ್’ (2009) ಇವುಗಳ ಮುಂದುವರಿಕೆ.

ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಉತ್ತರ ಅಮೆರಿಕ ನಾಶವಾದ ಮೇಲೆ ಅದರ ಅವಶೇಷಗಳಿಂದ ಎದ್ದ ರಾಜ್ಯ ಪ್ಯಾನೆಂ. ಲ್ಯಾಟಿನ್ನಿನಲ್ಲಿ ರೊಟ್ಟಿಗಿರುವ ಹೆಸರು ಅದು. ಪ್ರಜೆಗಳಿಗೆ ರೊಟ್ಟಿಯನ್ನೂ ಆಟವನ್ನೂ ಒದಗಿಸಿ ಬಾಯಿ ಮುಚ್ಚಿಸಿದ ರೋಮಿನ ನೆನಪು ಅದರಲ್ಲಿದೆ. ‘ಕ್ಯಾಪಿಟಲ್’ ಎಂಬ ರಾಜಧಾನಿಯವರು ಹಿಂದೆ ದಂಗೆಯೆದ್ದ ಪ್ರಾಂತಗಳಿಗೆ ಶಿಕ್ಷೆಯಾಗಿ ವರ್ಷಕ್ಕೊಮ್ಮೆ ಒಂದೊಂದು ಪ್ರಾಂತದಿಂದ ಒಬ್ಬ ಹುಡುಗ, ಒಬ್ಬ ಹುಡುಗಿ, ಹೀಗೆ 24 ಮಕ್ಕಳನ್ನು ಚೀಟಿ ಎತ್ತಿ ಆರಿಸುತ್ತಾರೆ. ವಯಸ್ಸು 12ರಿಂದ 18. ಕಣಕ್ಕಿಳಿದ ಮಕ್ಕಳು ಒಬ್ಬರು ಉಳಿಯುವವರೆಗೆ ಒಬ್ಬರನ್ನೊಬ್ಬರು ಕೊಲ್ಲಬೇಕು. ರಾಜ್ಯವೆಲ್ಲ ಟೆಲಿವಿಷನ್ನಿನಲ್ಲಿ ನೋಡಬೇಕು. ಕ್ಯಾಟ್ನಿಸ್ ಎಂಬ 16ರ ಹುಡುಗಿ, 12ರ ತಂಗಿ ಪ್ರಿಮ್ ಳ ಹೆಸರು ಬಂದಾಗ ಅವಳ ಬದಲು ತಾನು ಹೋಗುತ್ತಾಳೆ, ಉಳಿಯುತ್ತಾಳೆ, ಮರುವರ್ಷ ಮತ್ತೆ ಕಣಕ್ಕೆ ತಳ್ಳಿಸಿಕೊಳ್ಳುತ್ತಾಳೆ. ಮೂರನೆಯ ಸಂಪುಟದಲ್ಲಿ ಯುದ್ಧ. ಯುದ್ಧದ ಕೊನೆಗೆ ಅಧ್ಯಕ್ಷ ಸ್ನೋನ ಅರಮನೆಯ ಮುಂದೆ ಕೂಡಿಹಾಕಿದ್ದ ರಾಜಧಾನಿಯ ಮಕ್ಕಳ ಮೇಲೆ ಬಾಂಬುಗಳು ಬೀಳುತ್ತವೆ. ಗಾಯಗೊಂಡವರ ಶುಶ್ರೂಷೆಗೆ ಓಡಿಬಂದವರ ಮೇಲೆ, ಅವರು ಬರಲಿ ಎಂದೇ ಕಾದಿದ್ದಂತೆ, ಎರಡನೆಯ ಸ್ಫೋಟ. ಓಡಿಬಂದವರಲ್ಲಿ ಪ್ರಿಮ್ ಒಬ್ಬಳು. ಯಾವ ತಂಗಿಗಾಗಿ ಈ ಕಥೆಯೆಲ್ಲ ಆರಂಭವಾಯಿತೋ ಆ ತಂಗಿಯೇ ಇಲ್ಲವಾದಳು.

ಇದಾದ ಮೇಲೆ ಬರುವ ಒಂದು ಸಣ್ಣ ಸಭೆಯ ವಿಷಯವೇ ನಾನು ಹೇಳಹೊರಟಿರುವುದು. ದಂಗೆಯ ನಾಯಕಿ ಕಾಯಿನ್ ಎಂಬಾಕೆ, ಕಣದಲ್ಲಿ ಗೆದ್ದು ಈವರೆಗೆ ಜೀವ ಹಿಡಿದುಕೊಂಡಿರುವ ಏಳು ಮಂದಿಯನ್ನು ಕರೆಸುತ್ತಾಳೆ. ಜನಕ್ಕೆ ರಕ್ತ ಬೇಕಾಗಿದೆ, ಆದರೆ ರಾಜಧಾನಿಯವರನ್ನೆಲ್ಲ ಕೊಲ್ಲುವುದಕ್ಕಾಗುವುದಿಲ್ಲ; ಅದಕ್ಕೆ ಬದಲಾಗಿ, ಅಲ್ಲಿ ಅಧಿಕಾರ ನಡೆಸಿದವರ ಮಕ್ಕಳನ್ನು ಕಣಕ್ಕಿಳಿಸಿ ಕಡೆಯದಾಗಿ ಒಂದು ಆಟ ಆಡಿಸಿಬಿಡೋಣ; ನೀವು ವೋಟು ಕೊಡಿ. ಪೀಟಾ, ಆನಿ, ಬೀಟೀ ಮೂವರು ಬೇಡವೆನ್ನುತ್ತಾರೆ. ಜೊಹಾನಾ, ಎನೊಬೇರಿಯಾ ಆಗಲಿ ಎನ್ನುತ್ತಾರೆ. ಸ್ನೋನಿಗೂ ಒಬ್ಬ ಮೊಮ್ಮಗಳಿದ್ದಾಳೆ ಎಂದು ಜೊಹಾನಾ ನೆನಪು ಮಾಡಿಕೊಡುತ್ತಾಳೆ. ಕ್ಯಾಟ್ನಿಸ್ ತಂಗಿಯ ಹೆಸರು ಹೇಳಿ ‘ಹೌದು’ ಎನ್ನುತ್ತಾಳೆ. ಏಳನೆಯವನಾದ ಹೇಮಿಚ್ ಅವಳ ಕಡೆ ಸೇರುತ್ತಾನೆ. ನಾಲ್ಕಕ್ಕೆ ಮೂರು.

ನನಗೆ ಪುಸ್ತಕ ಕೊಟ್ಟವಳು ತಂಗಿಯ ಮಗಳು. “ಮಾವ, ಅವಳು ‘ಹೌದು’ ಅಂದದ್ದು ನಿಜವಾಗಿ ಅಲ್ಲ, ಕಾಯಿನ್ ನಂಬಲಿ ಅಂತ ಅಂದದ್ದು. ನೀವೇ ಓದಿ ನೋಡಿ” ಎಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದಳು. ಹಾಗೆ ಹೇಳುವ ಓದುಗರು ಬಹಳ ಮಂದಿ ಇದ್ದಾರೆ. ಅವರಿಗೆ ಆಧಾರವೂ ಉಂಟು. ಕೆಲವೇ ಪುಟಗಳಾದ ಮೇಲೆ, ಸ್ನೋನನ್ನು ಕೊಲ್ಲಲೆಂದು ಕೊಟ್ಟ ಬಾಣವನ್ನು ಕ್ಯಾಟ್ನಿಸ್ ಕಾಯಿನ್ನಳ ಮೇಲೆ ಬಿಡುತ್ತಾಳೆ. ಆದರೆ ಲೇಖಕಿ ಆ ‘ಹೌದು’ ಉಪಾಯವೆಂದು ಎಲ್ಲಿಯೂ ಬಿಡಿಸಿ ಹೇಳಿಲ್ಲ. ಹೇಳದೆ ಬಿಟ್ಟದ್ದೇ ಸರಿಯೆಂದು ನನಗೆ ತೋರುತ್ತದೆ. ಉಪಾಯವೆಂದುಕೊಂಡರೆ ನಮ್ಮ ನಾಯಕಿ ತೊಳೆದ ಮುತ್ತಿನಂತೆ ಶುಭ್ರಳಾಗುತ್ತಾಳೆ, ನಾವು ನೆಮ್ಮದಿಯಾಗಿ ನಿದ್ದೆಮಾಡಬಹುದು. ತಂಗಿಯನ್ನು ಕಳೆದುಕೊಂಡ 17ರ ಹುಡುಗಿ ಒಂದು ಕ್ಷಣ ನಿಜವಾಗಿಯೇ ಹಾಗೆ ಬಯಸಿದಳು ಎಂದುಕೊಂಡರೆ ಪ್ರಶ್ನೆ ನಮ್ಮ ಬಳಿಯೇ ಉಳಿಯುತ್ತದೆ.

ಪ್ರಶ್ನೆ ಇದು: ಹೆಚ್ಚು ನೊಂದವರಿಗೆ ತೀರ್ಪು ಕೊಡುವ ಹಕ್ಕೂ ಹೆಚ್ಚೆ? ಅಲ್ಲ ಎನ್ನುವುದಕ್ಕೆ ನಾಲಗೆ ಏಳುವುದಿಲ್ಲ. ಬೆಚ್ಚನೆಯ ಮನೆಯಲ್ಲಿ ಕಾಫಿ ಕುಡಿಯುತ್ತ ಕ್ಷಮೆಯ ಮಹಿಮೆಯನ್ನು ಕೊಂಡಾಡುವುದು ಅಗ್ಗದ ಕೆಲಸ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಆಳಿಕೆ ಮುಗಿದ ಮೇಲೆ 1996ರಲ್ಲಿ ಡೆಸ್ಮಂಡ್ ಟೂಟೂ ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನದ ಆಯೋಗ ವಿಚಾರಣೆಗೆ ಕುಳಿತಿತು. ನೊಂದವರು ಬಂದು ಎಲ್ಲರೆದುರು ಹೇಳಿಕೊಳ್ಳಬಹುದು; ರಾಜಕೀಯ ಕಾರಣಕ್ಕಾಗಿ ಅಪರಾಧ ಮಾಡಿದವನು ಸತ್ಯವನ್ನು ಪೂರ್ತಿ ಒಪ್ಪಿಕೊಂಡರೆ ಕ್ಷಮಾದಾನ ಪಡೆಯಬಹುದು. ಲೋಕವೆಲ್ಲ ತಲೆದೂಗಿತು. ಆದರೆ 1977ರಲ್ಲಿ ಪೊಲೀಸರ ವಶದಲ್ಲಿ ಸತ್ತ ಸ್ಟೀವ್ ಬೀಕೋ ಅವರ ಮನೆಯವರು ಅದೇ 1996ರಲ್ಲಿ ಇನ್ನು ಕೆಲವರೊಡನೆ ಸಂವಿಧಾನ ನ್ಯಾಯಾಲಯದ ಬಾಗಿಲಿಗೆ ಹೋದರು: ನಮ್ಮ ಪರವಾಗಿ ಕ್ಷಮಿಸಲು ನಿಮಗೆ ಹಕ್ಕೆಲ್ಲಿಯದು ಎಂಬುದು ಅವರ ವಾದದ ತಿರುಳು. ನ್ಯಾಯಾಲಯ ಆ ಕಾನೂನನ್ನೇ ಎತ್ತಿಹಿಡಿಯಿತು. ಆ ತೀರ್ಪಿನ ಕಾರಣಗಳು ನನಗೆ ಅರ್ಥವಾಗುತ್ತವೆ. ಬೀಕೋ ಕುಟುಂಬದವರ ಎದುರು ನಿಂತು ಅವನ್ನು ವಿವರಿಸು ಎಂದರೆ ನನ್ನಿಂದಾಗದು.

ಆದರೂ ನೋವು ಒಳ್ಳೆಯ ನ್ಯಾಯಾಧೀಶನಲ್ಲ ಎಂದೇ ನನ್ನ ಅಭಿಪ್ರಾಯ. ನೊಂದವರು ಕೆಟ್ಟವರೆಂದು ನಾನು ಹೀಗೆ ಹೇಳುತ್ತಿಲ್ಲ. ಒಂದೇ ನೋವು ಎರಡು ಬಾಯಲ್ಲಿ ಎರಡು ಮಾತಾಡುತ್ತದೆ, ಅದಕ್ಕಾಗಿ. ದ್ರೌಪದಿಯನ್ನೇ ನೋಡಿ. ಅಶ್ವತ್ಥಾಮ ರಾತ್ರಿಯಲ್ಲಿ ಶಿಬಿರಕ್ಕೆ ನುಗ್ಗಿ ಮಲಗಿದ್ದ ಅವಳ ಐವರು ಮಕ್ಕಳನ್ನೂ ಕೊಂದ. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅವಳು ಅವನ ಪ್ರಾಣ ಬೇಕೆಂದು ಹಟ ಹಿಡಿದು ಅನ್ನ ಬಿಟ್ಟು ಕೂರುತ್ತಾಳೆ. ಭಾಗವತದ ಮೊದಲ ಸ್ಕಂಧದಲ್ಲಿ, ಅರ್ಜುನ ಅವನನ್ನು ಕಟ್ಟಿ ಎಳೆದುತಂದಾಗ, ಬಿಟ್ಟುಬಿಡಿ, ನನ್ನಂತೆ ಇವನ ತಾಯಿ ಅಳುವುದು ಬೇಡ ಎನ್ನುತ್ತಾಳೆ. ಅದೇ ಹೆಂಗಸು, ಅದೇ ಐದು ಹೆಣ. ಯಾವ ದ್ರೌಪದಿ ನಿಜವಾದ ತಾಯಿ? ಇಬ್ಬರೂ ಹೌದು. ‘ಮಾಕಿಂಗ್‌ಜೇ’ಯ ಆ ಮೇಜಿನ ಸುತ್ತ ಕುಳಿತವರೂ ಹಾಗೆಯೇ. ‘ಬೇಡ’ ಎಂದು ಕೂಗಾಡಿದ ಪೀಟಾ ಕಡಮೆ ನೊಂದವನಲ್ಲ. ಮನೆಯವರನ್ನೆಲ್ಲ ಕಳೆದುಕೊಂಡವನು, ಶತ್ರುಗಳ ಕೈಯಲ್ಲಿ ಚಿತ್ರಹಿಂಸೆ ಅನುಭವಿಸಿ ಬುದ್ಧಿಯ ಸ್ತಿಮಿತವನ್ನೇ ಕಳೆದುಕೊಂಡು ಬಂದವನು.

ಹೀಗಿರುವಾಗ ಕಾಯಿನ್ ಅವರನ್ನೇ ಏಕೆ ಕೇಳಿದಳು? ಬುದ್ಧಿವಾದಕ್ಕಾಗಿ ಕೇಳಿದಳೆಂದು ನಾನು ನಂಬಲಾರೆ. ಆಜ್ಞೆ ಹೊರಡಿಸುವ ಶಕ್ತಿ ಅವಳಿಗೇ ಇತ್ತು. ಮಕ್ಕಳನ್ನು ಕೊಲ್ಲಿಸುವ ಕಾಗದದ ಮೇಲೆ ಆಳುವವಳ ರುಜು ಒಂದೇ ಇದ್ದರೆ ಅದು ಕ್ರೌರ್ಯ. ಅದರ ಕೆಳಗೆ ಏಳು ಗಾಯಗಳ ಮೊಹರು ಬಿದ್ದರೆ ಅದೇ ನ್ಯಾಯವೆನ್ನಿಸಿಕೊಳ್ಳುತ್ತದೆ. ಈ ವಿದ್ಯೆ ಕಾದಂಬರಿಗಳಿಗೆ ಮಾತ್ರ ಸೇರಿದ್ದಲ್ಲ. ಜನರ ಸಂಕಟವನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ಕತ್ತಿ ಮಸೆಯುವವರನ್ನು ಯಾವ ದೇಶವೂ ಕಾಣದೆ ಇಲ್ಲ. ಹತ್ತು ಜನ ಸೇರಿದ ಸಭೆಯಲ್ಲಿ “ಸತ್ತವರ ಮನೆಯವರನ್ನು ಕೇಳಿ” ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ, ಆ ಮನೆಯವರಿಗೆ ಈ ತನಕ ಒಂದು ಲೋಟ ನೀರನ್ನಾದರೂ ಕೊಟ್ಟಿದ್ದಾನೆಯೆ ಎಂದು ನೋಡುವುದು ನನ್ನ ಅಭ್ಯಾಸ.

ಕಾಲಿನ್ಸ್ 2020ರಲ್ಲಿ ಇನ್ನೊಂದು ಪುಸ್ತಕ ಬರೆದರು; ಅದು ಹಿಂದಿನ ಕಾಲದ ಕಥೆ. ಅದರಲ್ಲಿ ಸ್ನೋಗೆ 18 ವರ್ಷ. ದಂಗೆಕೋರರು ರಾಜಧಾನಿಗೆ ಮುತ್ತಿಗೆ ಹಾಕಿದ್ದಾಗ ಹಸಿದು ಬೆಳೆದ, ತಂದೆತಾಯಿಗಳನ್ನು ಕಳೆದುಕೊಂಡ ಹುಡುಗ. ಅಂದರೆ, ಈ ಕಥೆಯ ರಾಕ್ಷಸನೂ ಉಳಿದ ಮಕ್ಕಳಲ್ಲಿ ಒಬ್ಬ! ತಾನು ಪಟ್ಟ ಪಾಡೇ ಆಟವನ್ನು ಸಮರ್ಥಿಸಲು ಸಾಕೆಂದು ಅವನಿಗೆ ತೋರಿತು. ಸಭೆಯಲ್ಲಿ ಕುಳಿತ ಕ್ಯಾಟ್ನಿಸ್ ಕೂಡ, 75 ವರ್ಷಗಳ ಹಿಂದೆ ಈ ಆಟವನ್ನು ಆರಂಭಿಸಿದವರೂ ಹೀಗೇ ಮೇಜಿನ ಸುತ್ತ ಕುಳಿತು ವೋಟು ಹಾಕಿದ್ದರೇ ಎಂದು ಒಂದು ಗಳಿಗೆ ಯೋಚಿಸುತ್ತಾಳೆ. ಯೋಚಿಸಿದ ಮೇಲೂ ‘ಹೌದು’ ಎನ್ನುತ್ತಾಳೆ. ತಂಗಿಯ ಮಗಳಿಗೆ ಈ ಜಾಗವನ್ನು ತೋರಿಸಿದೆ. ಅವಳು ತನ್ನ ವಾದವನ್ನು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಒತ್ತಾಯಿಸಲಿಲ್ಲ.

ಆ ಕಡೆಯ ಆಟ ನಡೆಯಲಿಲ್ಲ. ಕ್ಯಾಟ್ನಿಸಳನ್ನು ಚಿತ್ತಸ್ವಾಸ್ಥ್ಯವಿಲ್ಲದವಳೆಂದು ತೀರ್ಮಾನಿಸಿ ಸುಟ್ಟುಹೋದ ಅವಳ ಊರಿಗೆ ಕಳಿಸಿಬಿಡುತ್ತಾರೆ. ಅಲ್ಲಿ ಅವಳೂ ಪೀಟಾನೂ ಸೇರಿ ಸತ್ತವರ ಬಗೆಗೆ ಒಂದು ಪುಸ್ತಕ ಮಾಡುತ್ತಾರೆ. ಒಬ್ಬೊಬ್ಬರಿಗೂ ಚಿತ್ರ, ಮರೆಯಬಾರದ ವಿವರಗಳು. ವೋಟು ಕೊಡುವಾಗ ಬಾಯಿಂದ ಹೊರಬರದೆ ಇದ್ದದ್ದೆಲ್ಲ ಆ ಪುಟಗಳಲ್ಲಿ ಬಂದಿರಬೇಕು. ಮಕ್ಕಳನ್ನು ಹೆರಲು ಅವಳು ಒಪ್ಪಿದ್ದು ಹದಿನೈದು ವರ್ಷಗಳ ಮೇಲೆ. ಒಂದು ಹೆಣ್ಣು, ಒಂದು ಗಂಡು. ಊರ ಹೊರಗಿನ ಹುಲ್ಲುಗಾವಲಿನಲ್ಲಿ ಹುಡುಗಿ ಕುಣಿಯುತ್ತಾಳೆ; ತಮ್ಮ ಪುಟ್ಟ ಕಾಲುಗಳಲ್ಲಿ ಅವಳನ್ನು ಹಿಡಿಯಲು ಓಡುತ್ತಾನೆ. ಊರಿನ ಹೆಣಗಳನ್ನೆಲ್ಲ ಹೂಳಿದ್ದು ಆ ಹುಲ್ಲಿನ ಕೆಳಗೇ. ಮಕ್ಕಳಿಗೆ ಅದು ಇನ್ನೂ ತಿಳಿಯದು. ಶಾಲೆಯಲ್ಲಿ ಆಟದ ವಿಷಯ ಪಾಠ ಮಾಡುತ್ತಾರೆ. ಹುಡುಗಿ ಆಗಲೇ ಪ್ರಶ್ನೆ ಕೇಳಲು ತೊಡಗಿದ್ದಾಳೆ. ಎಂದು ಹೇಳಬೇಕು, ಎಷ್ಟು ಹೇಳಬೇಕು ಎಂದು ತಾಯಿ ಅಂಚಿನಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದಾಳೆ.